ಮೈಕ್ರೋಬ್ಲೇಡಿಂಗ್ ಮಾಡಿಸಿದ ಹುಬ್ಬು ಮಾಯುವ ತನಕ ಹೇಗೆ ನೋಡಿಕೊಳ್ಳಬೇಕು

ಒಂಬತ್ತನೇ ದಿನಕ್ಕೆ ಸರಿಯಾಗಿ ಫೋನ್ ಬರುತ್ತದೆ. "ಅಕ್ಕಾ, ಹುಬ್ಬೇ ಕಾಣ್ತಿಲ್ಲ. ಬಣ್ಣ ಎಲ್ಲಾ ಹಕ್ಕಳೆ ಜೊತೆ ಉದುರಿಹೋಯ್ತು. ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು ನನ್ನ ದುಡ್ಡು." ಅಳು ಬರುವ ಹಾಗಿರುತ್ತದೆ ದನಿ. ನಾನು ಒಂದೇ ಮಾತು ಹೇಳುತ್ತೇನೆ: ಇನ್ನೊಂದು ತಿಂಗಳು ಕಾಯಿರಿ, ಕನ್ನಡಿಯ ಮುಂದೆ ಜಾಸ್ತಿ ನಿಲ್ಲಬೇಡಿ. ಆರನೇ ವಾರ ಅದೇ ಹುಡುಗಿ ಬಂದಾಗ ಹುಬ್ಬಿನ ಗೆರೆ ಒಂದೊಂದೂ ಎದ್ದು ಕಾಣುತ್ತಿರುತ್ತದೆ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಹತ್ತಿರ ನಮ್ಮ ಪುಟ್ಟ ಪಾರ್ಲರ್ ಇದೆ. ಮೊದಲು ಬರೀ ಥ್ರೆಡ್ಡಿಂಗ್, ಫೇಶಿಯಲ್, ಮದುವೆ ಮೇಕಪ್ ಅಷ್ಟೇ. ಈಗ ಮೈಕ್ರೋಬ್ಲೇಡಿಂಗ್ ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಮಾಡುವುದು ಎರಡು ಗಂಟೆ ಕೆಲಸ. ಆದರೆ ಆ ಹುಬ್ಬು ಚೆನ್ನಾಗಿ ಉಳಿಯುತ್ತದೋ ಇಲ್ಲವೋ ಅನ್ನುವುದು ಮುಂದಿನ ಹತ್ತು ದಿನ ನೀವು ಮನೆಯಲ್ಲಿ ಹೇಗಿರುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಎಲ್ಲರೂ ಕೊಡುವ ಸಲಹೆ ಎಸಿ ರೂಮಿನಲ್ಲಿ ಕೂತು ಕೆಲಸ ಮಾಡುವವರಿಗೆ ಸರಿ. ನಮ್ಮ ಕಡೆ ದಿನಾ ಮುದ್ದೆ ತಿರುವಬೇಕು, ಗಾಡಿಯಲ್ಲಿ ಧೂಳು ಕುಡಿಯಬೇಕು, ಶುಕ್ರವಾರ ಬಂದರೆ ತಲೆಗೆ ನೀರು ಹಾಕಿಕೊಳ್ಳಬೇಕು, ಅರಿಶಿನ ಮುಖಕ್ಕೆ ತಾಕದೆ ಯಾವ ಶುಭಕಾರ್ಯವೂ ನಡೆಯುವುದಿಲ್ಲ. ಅದನ್ನೆಲ್ಲಾ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ. ಪೆನ್ನಿನ ಹಾಗಿರುವ ಹಿಡಿಗೆ ತುಂಬಾ ಸಣ್ಣ ಸೂಜಿಗಳ ಸಾಲು ಸಿಕ್ಕಿಸಿ, ಹುಬ್ಬಿನ ಕೂದಲಿನ ಹಾಗೆ ಗೆರೆ ಎಳೆದು, ಆ ಗೆರೆಯೊಳಗೆ ಬಣ್ಣ ಕೂರಿಸುತ್ತಾರೆ. ಬಣ್ಣ ಕೂರುವುದು ಮೇಲ್ಚರ್ಮದ ಕೆಳಗೇ, ತುಂಬಾ ಆಳಕ್ಕಲ್ಲ. ನಮ್ಮ ಅಜ್ಜಿಯಂದಿರ ಕೈಮೇಲಿನ ಹಚ್ಚೆ ಸಾಯುವ ತನಕ ಇರುತ್ತಿತ್ತು, ಅದು ಆಳಕ್ಕೆ ಇಳಿದಿರುತ್ತಿತ್ತು. ಇದು ಒಂದರಿಂದ ಎರಡು ವರ್ಷ ಬರುತ್ತದೆ, ಎಣ್ಣೆ ಚರ್ಮದವರಿಗೆ ಇನ್ನೂ ಬೇಗ ಮಾಸುತ್ತದೆ. ಗೆರೆ ಸಣ್ಣದಾದರೂ ಅದು ಗಾಯವೇ. ಮೊಣಕಾಲು ತರಚಿದಾಗ ಏನೇನು ಆಗುತ್ತದೋ ಎಲ್ಲಾ ಇಲ್ಲೂ ಆಗುತ್ತದೆ. ನೀರು ಒಸರುತ್ತದೆ, ಹಕ್ಕಳೆ ಕಟ್ಟುತ್ತದೆ, ನವೆ ಬರುತ್ತದೆ, ಉದುರುತ್ತದೆ.

ಮೊದಲ ದಿನ

ಮನೆಗೆ ಹೋದ ಮೇಲೆ ಹುಬ್ಬಿನಿಂದ ತೆಳ್ಳಗೆ, ತಿಳಿ ಹಳದಿ ನೀರು ಒಸರುತ್ತದೆ. ಗಾಬರಿ ಬೇಡ, ಕೀವಲ್ಲ. ಅದನ್ನು ಹಾಗೇ ಒಣಗಲು ಬಿಟ್ಟರೆ ಮಾತ್ರ ತೊಂದರೆ. ದಪ್ಪ ಹಕ್ಕಳೆ ಕಟ್ಟುತ್ತದೆ, ದಪ್ಪ ಹಕ್ಕಳೆ ಬೀಳುವಾಗ ಬಣ್ಣವನ್ನೂ ಎಳೆದುಕೊಂಡು ಬೀಳುತ್ತದೆ. ಅದಕ್ಕೇ ಮೊದಲ ದಿನ ಮಲಗುವ ತನಕ ಗಂಟೆಗೊಂದು ಸಲ ಒರೆಸಿಕೊಳ್ಳಬೇಕು.

ಒರೆಸುವುದು ಅಂದರೆ ಉಜ್ಜುವುದಲ್ಲ. ಸೋಪು ಹಾಕಿ ಕೈ ತೊಳೆದುಕೊಳ್ಳಿ. ಒಂದು ಲೋಟ ನೀರು ಕುದಿಸಿ, ಆರಿಸಿ, ಮುಚ್ಚಿಟ್ಟುಕೊಂಡಿರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹುಬ್ಬಿನ ಮೇಲೆ ಒತ್ತಿ, ಎತ್ತಿ. ಅಷ್ಟೇ. ದೀಪಕ್ಕೆ ಬತ್ತಿ ಹೊಸೆಯುವ ಹತ್ತಿ ಬೇಡ, ಎಳೆ ಬಿಟ್ಟುಕೊಂಡು ಗಾಯಕ್ಕೆ ಅಂಟುತ್ತದೆ. ಆಮೇಲೆ ಒಣ ಟಿಶ್ಯೂ ಒಂದನ್ನು ಮೆಲ್ಲಗೆ ಇಟ್ಟು ತೇವ ತೆಗೆಯಿರಿ. ಸಂಪಿನ ನೀರು, ಟ್ಯಾಂಕಿನ ನೀರು ನೇರವಾಗಿ ಬೇಡ. ಎಷ್ಟು ದಿನ ನಿಂತ ನೀರೋ, ಟ್ಯಾಂಕ್ ಯಾವಾಗ ತೊಳೆದದ್ದೋ, ನಮಗೇ ನೆನಪಿರುವುದಿಲ್ಲ ಅಲ್ವಾ.

ಮುಲಾಮಿನ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ಕೆಲವರು ಏನೂ ಹಚ್ಚದೆ ಒಣಗಿಸಿಯೇ ಮಾಯಿಸಿ ಅನ್ನುತ್ತಾರೆ. ಕೆಲವರು ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ಮುಲಾಮು ಹಚ್ಚಿ ಅನ್ನುತ್ತಾರೆ. ನಿಮಗೆ ಮಾಡಿದವರು ಏನು ಹೇಳಿದರೋ ಅದನ್ನೇ ಹಿಡಿಯಿರಿ, ಅವರು ಹಾಕಿದ ಬಣ್ಣ, ನಿಮ್ಮ ಚರ್ಮ ಎರಡನ್ನೂ ಅವರು ನೋಡಿರುತ್ತಾರೆ. ಇವರದ್ದು ಸ್ವಲ್ಪ, ಗೆಳತಿ ಹೇಳಿದ್ದು ಸ್ವಲ್ಪ ಅಂತ ಕಲಸಬೇಡಿ. ಹಚ್ಚುವುದಾದರೆ ಒಂದು ಹುಬ್ಬಿಗೆ ಅರ್ಧ ಅಕ್ಕಿಕಾಳಿನಷ್ಟು ಸಾಕು. ಹಚ್ಚಿದ ಮೇಲೆ ಹುಬ್ಬು ಹೊಳೆಯುತ್ತಿದ್ದರೆ ಜಾಸ್ತಿ ಆಯಿತು ಅಂತ ಅರ್ಥ, ಟಿಶ್ಯೂ ಒತ್ತಿ ತೆಗೆಯಿರಿ. ಜಾಸ್ತಿ ಮುಲಾಮು ಮೆತ್ತಿದರೆ ಗಾಯಕ್ಕೆ ಗಾಳಿ ಆಡುವುದಿಲ್ಲ, ಹಕ್ಕಳೆ ನೆನೆದು ಹೊತ್ತಿಗೆ ಮುಂಚೆ ಕಳಚಿಕೊಳ್ಳುತ್ತದೆ.

ಆ ರಾತ್ರಿ ತೊಳೆದ ದಿಂಬಿನ ಕವರ್ ಹಾಕಿ, ಅಂಗಾತ ಮಲಗಿ. ಮಗು ಪಕ್ಕದಲ್ಲಿ ಮಲಗುವುದಾದರೆ ನಾಲ್ಕು ದಿನ ಅವರಪ್ಪನ ಕಡೆ ಮಲಗಿಸಿ. ನಿದ್ದೆಯಲ್ಲಿ ಮಗುವಿನ ಕೈ ನೇರ ನಿಮ್ಮ ಮುಖಕ್ಕೇ ಬರುತ್ತದೆ.

ಎರಡರಿಂದ ನಾಲ್ಕನೇ ದಿನ: ಕಪ್ಪಗಾಗುತ್ತದೆ

ಎರಡನೇ ದಿನ ಎದ್ದು ಕನ್ನಡಿ ನೋಡಿದರೆ ಕಾಡಿಗೆ ಬಳಿದ ಹಾಗೆ ದಪ್ಪ, ಕಪ್ಪು ಹುಬ್ಬು. ಸ್ವಲ್ಪ ಊತವೂ ಇರಬಹುದು. ಮೇಲೆ ಉಳಿದ ಬಣ್ಣ ಹಕ್ಕಳೆ ಜೊತೆ ಸೇರಿ ಗಾಢವಾಗಿ ಕಾಣುತ್ತದೆ ಅಷ್ಟೇ. ಅತ್ತೆ ಏನಾದರೂ ಅನ್ನುತ್ತಾರೆ, ಪಕ್ಕದ ಮನೆಯವರು ಅನ್ನುತ್ತಾರೆ. ಅದನ್ನು ತಿಳಿ ಮಾಡೋಣ ಅಂತ ಉಜ್ಜಲು ಹೋಗಬೇಡಿ. ಈ ಕಪ್ಪು ನಿಮ್ಮ ಹುಬ್ಬಿನ ಬಣ್ಣವಲ್ಲ.

ಈ ದಿನಗಳಲ್ಲಿ ನಮ್ಮ ಕಡೆಯವರಿಗೆ ದೊಡ್ಡ ಶತ್ರು ಯಾವುದು ಗೊತ್ತಾ? ಮುದ್ದೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಮುಚ್ಚಿ, ಆಮೇಲೆ ಪಾತ್ರೆಯ ಮೇಲೆ ಬಾಗಿ ಕೋಲು ಹಾಕಿ ತಿರುವುತ್ತೇವಲ್ಲ, ಆ ಹಬೆ ಅಷ್ಟೂ ಸೀದಾ ಹುಬ್ಬಿಗೇ ಬಡಿಯುತ್ತದೆ. ಜೊತೆಗೆ ಹಣೆಯಲ್ಲಿ ಬೆವರು, ಸೆರಗಿನಿಂದ ಒರೆಸಿಕೊಳ್ಳುವ ಅಭ್ಯಾಸ. ಬೆವರಿನಲ್ಲಿ ಉಪ್ಪಿದೆ, ಗಾಯಕ್ಕೆ ಉರಿ, ಬಣ್ಣಕ್ಕೂ ಒಳ್ಳೆಯದಲ್ಲ. ಹತ್ತು ದಿನ ಮುದ್ದೆ ತಿರುವುವ ಕೆಲಸ ಗಂಡನಿಗೋ ಮಗನಿಗೋ ಕೊಡಿ, ರಟ್ಟೆ ಬಲ ಅವರಿಗೂ ಇದೆ. ಬಸ್ಸಾರಿಗೆ ಕಾಳು ಬಸಿಯುವುದೂ ಹಾಗೇ, ಇಡ್ಲಿ ಪಾತ್ರೆ ತೆರೆಯುವುದೂ ಹಾಗೇ. ಬೇರೆ ಯಾರೂ ಇಲ್ಲ, ನೀವೇ ಮಾಡಬೇಕು ಅಂದರೆ ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕಿಟಕಿ ತೆರೆದಿಟ್ಟು, ಮುಗಿದ ತಕ್ಷಣ ಟಿಶ್ಯೂ ಒತ್ತಿಕೊಳ್ಳಿ.

ಶಿಡ್ಲಘಟ್ಟದಿಂದ ಬಂದ ಒಬ್ಬ ಅಕ್ಕನನ್ನು ನಾನು ಮರೆಯುವುದಿಲ್ಲ. ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸ. ಗೂಡು ಬೇಯುವ ಬಿಸಿನೀರಿನ ಮುಂದೆ ದಿನವಿಡೀ ಕೂರಬೇಕು. ಮೂರನೇ ದಿನವೇ ಕೆಲಸಕ್ಕೆ ಹೋಗಿದ್ದರು. ನನ್ನ ಹತ್ತಿರ ಬಂದಾಗ ಹಕ್ಕಳೆ ನೆನೆದು ಬೆಳ್ಳಗೆ ಉಬ್ಬಿತ್ತು, ಬಲ ಹುಬ್ಬಿನ ತುದಿಯಲ್ಲಿ ಆಗಲೇ ಅರ್ಧ ಕಳಚಿತ್ತು, ಕೆಳಗೆ ಹಸಿ ಗುಲಾಬಿ ಚರ್ಮ. ಎರಡು ತಿಂಗಳ ಮೇಲೆ ನೋಡಿದರೆ ಎಡಗಡೆ ಗೆರೆ ಗೆರೆಯಾಗಿ ನಿಂತಿದೆ, ಬಲಗಡೆ ತುದಿ ಮಸುಕು. ತಪ್ಪು ಅವರದ್ದಲ್ಲ. ಏನು ಕೆಲಸ ಮಾಡುತ್ತೀರಿ ಅಂತ ನಾನು ಮೊದಲೇ ಕೇಳಬೇಕಿತ್ತು. ಈಗ ಯಾರೇ ಬಂದರೂ ಮೊದಲ ಪ್ರಶ್ನೆ ಅದೇ. ಹಬೆಯ ಮುಂದೆ, ಒಲೆಯ ಮುಂದೆ, ಬಿಸಿಲಿನಲ್ಲಿ ಕೆಲಸ ಇದ್ದರೆ ಒಂದು ವಾರ ಹತ್ತು ದಿನ ರಜೆ ಸಿಗುವ ಸಮಯ ನೋಡಿಕೊಂಡೇ ಮಾಡಿಸಿ. ಸೇವಂತಿಗೆ, ಗುಲಾಬಿ ತೋಟದವರಿಗೂ ಇದೇ ಮಾತು. ಔಷಧಿ ಹೊಡೆಯುವ ದಿನ ತೋಟದ ಕಡೆ ಸುಳಿಯಲೇಬೇಡಿ.

ಸ್ನಾನ: ಮಾಡಿಸುವ ದಿನ ಬೆಳಿಗ್ಗೆಯೇ ತಲೆಸ್ನಾನ ಮುಗಿಸಿಕೊಂಡು ಬನ್ನಿ. ಆಮೇಲೆ ಹತ್ತು ದಿನ ಕುತ್ತಿಗೆಯಿಂದ ಕೆಳಗೆ ಸ್ನಾನ, ಮುಖಕ್ಕೆ ಹುಬ್ಬು ಬಿಟ್ಟು ಒದ್ದೆ ಬಟ್ಟೆ. ಮಧ್ಯೆ ತಲೆಗೆ ಹಾಕಿಕೊಳ್ಳಲೇಬೇಕು ಅಂದರೆ ಪಾರ್ಲರಿನಲ್ಲಿ ತಲೆ ತೊಳೆಯುವ ಹಾಗೆ ಹಿಂದಕ್ಕೆ ಬಾಗಿ ಕೂತು, ಬೇರೆಯವರ ಕೈಯಲ್ಲಿ ನೀರು ಹಾಕಿಸಿಕೊಳ್ಳಿ. ಎಣ್ಣೆಸ್ನಾನ ಮಾತ್ರ ಒಂದು ತಿಂಗಳು ಬೇಡ. ತಲೆಗೆ ಹಾಕಿದ ಎಣ್ಣೆ ಹಣೆಗೆ ಇಳಿಯದೆ ಇರುವುದಿಲ್ಲ. ಈಜು ಅಂತೂ ಒಂದು ತಿಂಗಳು ಬೇಡವೇ ಬೇಡ, ಕೆರೆ ಕುಂಟೆ ಎಷ್ಟೇ ತುಂಬಿರಲಿ.

ಗಾಡಿ ಓಡಿಸುವವರು ಕೇಳುತ್ತಾರೆ, ಹೆಲ್ಮೆಟ್ ಹಣೆಗೆ ಒತ್ತುತ್ತದಲ್ಲ ಏನು ಮಾಡೋದು ಅಂತ. ಹೆಲ್ಮೆಟ್ ಬಿಟ್ಟು ಓಡಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಒಂದು ವಾರ ಗಾಡಿಯನ್ನೇ ಬಿಡಿ, ಬಸ್ಸಿನಲ್ಲಿ ಹೋಗಿ, ಕಿಟಕಿ ಪಕ್ಕ ಕೂರಬೇಡಿ. ಜಲ್ಲಿ ಲಾರಿ ಹೋದ ಮೇಲೆ ಏಳುವ ಧೂಳು ಹಸಿ ಗಾಯದ ಮೇಲೆ ಕೂರಬಾರದು. ಛತ್ರಿ ಹಿಡಿದು ನಡೆಯಿರಿ, ದುಪಟ್ಟಾ ಹುಬ್ಬಿಗೆ ತಾಕುವ ಹಾಗೆ ಕಟ್ಟಬೇಡಿ.

ಐದರಿಂದ ಎಂಟನೇ ದಿನ: ಕೈ ಕಟ್ಟಿಕೊಂಡು ಕೂರಿ

ಇದು ಎಲ್ಲಕ್ಕಿಂತ ಕಷ್ಟದ ಹೊತ್ತು. ನವೆ ಶುರುವಾಗುತ್ತದೆ, ಹಕ್ಕಳೆಯ ಅಂಚು ಏಳುತ್ತದೆ.

ನನ್ನ ಹುಬ್ಬಿನ ಕಥೆ ಹೇಳುತ್ತೇನೆ. ಈ ಕೆಲಸ ಕಲಿಯುವುದಕ್ಕೂ ಮುಂಚೆ ನಾನು ಬೆಂಗಳೂರಿನಲ್ಲಿ ಮಾಡಿಸಿಕೊಂಡಿದ್ದೆ. ಅಲ್ಲಿ ಒಂದು ಟ್ಯೂಬ್ ಕೈಗೆ ಕೊಟ್ಟು, ದಿನಾ ಹಚ್ಚಿ ಅಂದರು, ಅಷ್ಟೇ. ಆರನೇ ದಿನ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತಿದ್ದೆ. ಎಡ ಹುಬ್ಬಿನ ನಡುವೆ ಹಕ್ಕಳೆ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಎದ್ದು ನಿಂತಿತ್ತು, ಒಂದು ಕಡೆ ಮಾತ್ರ ಅಂಟಿಕೊಂಡಿತ್ತು. ಬಿಟ್ಟುಕೊಂಡೇ ಇದೆಯಲ್ಲ ಅಂತ ಉಗುರಿನಲ್ಲಿ ಹಿಡಿದು ಎಳೆದೆ. ಚುರ್ರ್ ಅಂದಿತು. ಸಾಸಿವೆಯಷ್ಟು ರಕ್ತ ಬಂತು, ಟಿಶ್ಯೂ ಒತ್ತಿದೆ, ನಿಂತಿತು. ಕೈಯಲ್ಲಿದ್ದ ಹಕ್ಕಳೆ ತಿರುಗಿಸಿ ನೋಡಿದರೆ ಅದರ ಅಡಿಯಲ್ಲಿ ಸಾಲಾಗಿ ಮೂರು ಕಂದು ಗೆರೆ. ನನ್ನ ಹುಬ್ಬಿನಲ್ಲಿ ಇರಬೇಕಾದ ಗೆರೆಗಳು. ಅವತ್ತು ಬಿದ್ದ ಖಾಲಿ ಜಾಗ ಟಚಪ್, ಅಂದರೆ ಬಿಟ್ಟುಹೋದ ಗೆರೆ ತುಂಬಲು ಎರಡನೇ ಸಲ ಕೂರುವುದು, ಮಾಡಿಸಿದ ಮೇಲೂ ಪೂರ್ತಿ ತುಂಬಲಿಲ್ಲ, ಆ ಜಾಗದ ಚರ್ಮ ಸ್ವಲ್ಪ ಗಟ್ಟಿಯಾಗಿದೆ. ಬಂದವರಿಗೆಲ್ಲಾ ಅದನ್ನು ಬೆರಳಿಟ್ಟು ತೋರಿಸುತ್ತೇನೆ, ನೂರು ಮಾತಿಗಿಂತ ಅದು ಚೆನ್ನಾಗಿ ಅರ್ಥವಾಗುತ್ತದೆ.

ಆದ್ದರಿಂದ ಹಕ್ಕಳೆ ತೂಗಾಡುತ್ತಿದ್ದರೂ ಎಳೆಯಬೇಡಿ. ಕೂದಲಿಗೆ ಸಿಕ್ಕಿಕೊಂಡು ಕಿರಿಕಿರಿ ಆದರೂ ಎಳೆಯಬೇಡಿ. ತಾನಾಗಿಯೇ ದಿಂಬಿನ ಮೇಲೆ ಬಿದ್ದಿರಬೇಕು. ನವೆ ತಡೆಯಲಾಗದಿದ್ದರೆ ತೊಳೆದ ಬೆರಳಿನಿಂದ ಹುಬ್ಬಿನ ಮೇಲೆ ಅಲ್ಲ, ಅದರ ಸ್ವಲ್ಪ ಮೇಲೆ ಹಣೆಯ ಮೇಲೆ ಮೆಲ್ಲಗೆ ತಟ್ಟಿಕೊಳ್ಳಿ. ಉಗುರು ಕತ್ತರಿಸಿಕೊಂಡು ಬಿಡಿ. ರಾತ್ರಿ ಗೊತ್ತಿಲ್ಲದೆ ಕೆರೆದುಕೊಳ್ಳುವವರು ಜಾಸ್ತಿ.

ಮನೆಮದ್ದಿನ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಪ್ರೀತಿಯಿಂದಲೇ ಅಮ್ಮ ಅರಿಶಿನ ಕಲಸಿಕೊಂಡು ಬರುತ್ತಾರೆ. ಬೇಡ ಅನ್ನಿ. ಅರಿಶಿನದ ಬಣ್ಣ ಹಸಿ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ, ಪುಡಿ ಗಾಯದೊಳಗೆ ಕೂರುತ್ತದೆ. ಹರಳೆಣ್ಣೆ ಹಚ್ಚಿದರೆ ಹುಬ್ಬು ದಟ್ಟವಾಗಿ ಬೆಳೆಯುತ್ತದೆ ಅಂತ ಇನ್ನೊಬ್ಬರು. ಅದೂ ಈಗ ಬೇಡ. ಲೋಳೆಸರದ ಎಲೆ ಮುರಿದು ನೇರ ಹಚ್ಚುವುದೂ ಬೇಡ, ತೋಟದ ಮಣ್ಣು, ಎಲೆಯ ಹಳದಿ ರಸ ಎರಡೂ ಅದರ ಜೊತೆ ಬರುತ್ತವೆ. ಕುಂಕುಮ ಇಡುವವರು ಹಣೆಯ ನಡುವೆ ಸಣ್ಣಗೆ ಇಟ್ಟುಕೊಳ್ಳಿ, ಪುಡಿ ಉದುರದ ಹಾಗೆ. ಸ್ಟಿಕರ್ ಬೊಟ್ಟು ಆದರೆ ಇನ್ನೂ ಒಳ್ಳೆಯದು.

ಮೆಡಿಕಲ್ ಶಾಪಿಗೆ ಹೋಗಿ, ನವೆಗೆ ಒಂದು ಕ್ರೀಮ್ ಕೊಡಿ ಅಂತಲೂ ಕೇಳಬೇಡಿ. ಹಾಗೆ ಕೊಡುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ನವೆ ನಿಲ್ಲುತ್ತದೆ ನಿಜ, ಆದರೆ ಗಾಯ ಮಾಯುವುದು ನಿಧಾನ ಆಗುತ್ತದೆ, ಒಳಗೆ ಸೋಂಕು ಇದ್ದರೆ ಅದನ್ನು ಮುಚ್ಚಿಡುತ್ತದೆ. ನಿಯೋಮೈಸಿನ್ ಇರುವ ಮುಲಾಮು ಕೂಡ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಮೊದಲ ಎರಡು ದಿನ ಕೆಂಪಗಿರುವುದು, ಸ್ವಲ್ಪ ಊದಿರುವುದು, ಮುಟ್ಟಿದರೆ ನೋಯುವುದು ಸಹಜ. ದಿನದಿನಕ್ಕೆ ಅದು ಕಡಿಮೆ ಆಗಬೇಕು. ಮೂರು ದಿನ ಆದ ಮೇಲೆ ಕೆಂಪು ಜಾಸ್ತಿ ಆಗುತ್ತಿದ್ದರೆ, ಹುಬ್ಬಿನ ಆಚೆಗೂ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಅನಿಸಿದರೆ, ಗಟ್ಟಿ ಹಳದಿ ಅಥವಾ ಹಸಿರು ಕೀವು ಬಂದರೆ, ವಾಸನೆ ಬಂದರೆ, ಜ್ವರ ಬಂದರೆ ಪಾರ್ಲರಿಗಲ್ಲ, ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಳ್ಳುತ್ತಿದ್ದರೆ ಅವತ್ತೇ ಹೋಗಿ. ಬಣ್ಣದ ಅಲರ್ಜಿ ಕೆಲವೊಮ್ಮೆ ವಾರಗಳು ಕಳೆದ ಮೇಲೂ ಬರಬಹುದು. ಗೆರೆ ಇರುವ ಜಾಗದಲ್ಲೇ ಸಣ್ಣ ಗಂಟು ಎದ್ದು ನವೆ ಬಂದರೆ ಅದು ತೋರಿಸಬೇಕಾದ ವಿಷಯ. ಪಾರ್ಲರಿನವರಿಗೆ ಬೇಜಾರಾದೀತು ಅಂತ ಸುಮ್ನೆ ಕೂರಬೇಡಿ, ಸರಿಯಾಗಿ ಕೆಲಸ ಮಾಡುವವರು ನೀವು ಡಾಕ್ಟರಿಗೆ ತೋರಿಸಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಗಾಯ ಮಾಯುವುದು ತಡ, ಮಾಡಿಸುವ ಮುಂಚೆಯೇ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಕೇಳಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಗಾಯದ ಕಲೆ ಉಬ್ಬಿ ಗಂಟಾಗುವ ಚರ್ಮದವರಿಗೆ ಇದು ಆಗಿಬರುವುದಿಲ್ಲ. ಬಸುರಿಯರು, ಬಾಣಂತಿಯರು ಮುಂದಕ್ಕೆ ಹಾಕಿ. ಇನ್ನೊಂದು ಮುಖ್ಯ. ಸೂಜಿಯ ಹೊಸ ಪ್ಯಾಕೆಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಕೆಲಸ ಮುಗಿದ ಮೇಲೆ ಎಸೆಯಬೇಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರೂ ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಬರಬಹುದು. ಕೇಳಲು ಸಂಕೋಚ ಬೇಡ.

ಒಂಬತ್ತನೇ ದಿನದಿಂದ ಆರನೇ ವಾರದ ತನಕ

ಹಕ್ಕಳೆ ಉದುರಿದ ಮೇಲೆ ಹುಬ್ಬು ಖಾಲಿ ಖಾಲಿ, ಅಲ್ಲಲ್ಲಿ ಬೂದಿ ಬಣ್ಣ, ಒಂದೊಂದು ಕಡೆ ಏನೂ ಇಲ್ಲ ಅನಿಸುತ್ತದೆ. ಫೋನ್ ಬರುವುದು ಇದೇ ಹೊತ್ತಿಗೆ. ಹಕ್ಕಳೆಯ ಕೆಳಗೆ ಹೊಸದಾಗಿ ಬಂದ ಚರ್ಮ ಇನ್ನೂ ಮಂಜು ಮಂಜಾಗಿರುತ್ತದೆ, ಅದರ ಕೆಳಗೆ ಬಣ್ಣ ಕೂತಿರುತ್ತದೆ. ನಂದಿಬೆಟ್ಟದ ಮೇಲೆ ಬೆಳಗಿನ ಜಾವ ನಿಂತಾಗ ಕೆಳಗಿನ ಊರು ಕಾಣುವುದಿಲ್ಲವಲ್ಲ, ಮಂಜು ಸರಿದ ಮೇಲೆ ಒಂದೊಂದೇ ಮನೆ ಕಾಣುತ್ತದೆ, ಹಾಗೆ. ಮೇಲ್ಚರ್ಮ ಹೊಸದಾಗಲು ಸುಮಾರು 28 ದಿನ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅದಕ್ಕೇ ನಾಲ್ಕರಿಂದ ಆರನೇ ವಾರದಲ್ಲಿ ಬಣ್ಣ ಮತ್ತೆ ಮೇಲೆ ಬಂದ ಹಾಗೆ ಕಾಣುತ್ತದೆ. ಅಲ್ಲಿಯ ತನಕ ಹುಬ್ಬಿನ ಬಗ್ಗೆ ಯಾವ ತೀರ್ಮಾನವೂ ಬೇಡ, ಇನ್ನೊಂದು ಕಡೆ ಹೋಗಿ ಮೇಲೆ ಮತ್ತೆ ಗೆರೆ ಎಳೆಸುವುದಂತೂ ಬೇಡವೇ ಬೇಡ.

ಎರಡು ವಾರ ಹುಬ್ಬಿನ ಮೇಲೆ ಪೆನ್ಸಿಲ್, ಪೌಡರ್, ಫೌಂಡೇಶನ್ ಏನೂ ಬೇಡ. ಥ್ರೆಡ್ಡಿಂಗ್ ಒಂದು ತಿಂಗಳು ಬೇಡ, ಬ್ಲೀಚ್, ಫೇಶಿಯಲ್ ಕೂಡ. ರೆಟಿನಾಲ್, ಗ್ಲೈಕೋಲಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಇರುವ ಕ್ರೀಮು, ಫೇಸ್‌ವಾಶ್ ಮುಖಕ್ಕೆ ಹಚ್ಚುವವರು ಆಮೇಲೂ ಹುಬ್ಬಿನ ಜಾಗ ಬಿಟ್ಟೇ ಹಚ್ಚಿ, ಅವು ಚರ್ಮವನ್ನು ಬೇಗ ಬೇಗ ಉದುರಿಸಿ ಬಣ್ಣವನ್ನು ತಿಂದುಹಾಕುತ್ತವೆ. ಬಿಸಿಲೂ ಅಷ್ಟೇ. ಪೂರ್ತಿ ಮಾಯ್ದ ಮೇಲೆ ಹುಬ್ಬಿನ ಮೇಲೂ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಮಾಯುವ ಮುಂಚೆ ಛತ್ರಿಯೇ ಗತಿ.

ಮದುವೆ ಹುಡುಗಿಯರೇ, ನಿಮಗೆ ಬೇರೆಯೇ ಲೆಕ್ಕ. ಮದುವೆಗೆ ಹದಿನೈದು ದಿನ ಇದೆ ಅಂತ ಬಂದರೆ ನಾನು ಮಾಡದೆ ವಾಪಸ್ ಕಳಿಸುತ್ತೇನೆ. ಅರಿಶಿನ ಶಾಸ್ತ್ರದ ದಿನ ಐದು ಜನ ಮುತ್ತೈದೆಯರು ಮುಖಕ್ಕೆಲ್ಲಾ ಅರಿಶಿನ ಎಣ್ಣೆ ಹಚ್ಚುತ್ತಾರೆ, ಹೋಮದ ಹೊಗೆ, ಆಮೇಲೆ ಮೇಕಪ್. ಅಷ್ಟು ಹೊತ್ತಿಗೆ ಹುಬ್ಬು ಅರ್ಧಂಬರ್ಧ ಮಾಯ್ದಿರುತ್ತದೆ. ಮಾಯಲು ಆರು ವಾರ, ಟಚಪ್, ಅದು ಮಾಯಲು ಮತ್ತೆ ನಾಲ್ಕು ವಾರ. ಮೂರು ತಿಂಗಳು ಮುಂಚೆಯೇ ಬನ್ನಿ.

ರಕ್ತ ಕೊಡುವ ಅಭ್ಯಾಸ ಇರುವವರು ನೆನಪಿಡಿ, ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವ ಹಾಗಿಲ್ಲ, ಇದೂ ಅದೇ ಲೆಕ್ಕಕ್ಕೆ ಬರುತ್ತದೆ. ಎಂಆರ್‌ಐ ಮಾಡಿಸುವಾಗ ಹುಬ್ಬಿಗೆ ಮಾಡಿಸಿದ್ದೀನಿ ಅಂತ ಮೊದಲೇ ಹೇಳಿ. ಕೆಲವು ಬಣ್ಣದಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅಪರೂಪಕ್ಕೆ ಅಲ್ಲಿ ಉರಿ, ಊತ ಬರುವುದುಂಟು. ಮುಖಕ್ಕೆ ಲೇಸರ್ ಮಾಡಿಸುವಾಗಲೂ ಹೇಳಿ, ಲೇಸರ್ ತಾಕಿದರೆ ಆ ಬಣ್ಣ ಕಪ್ಪಾಗಿಬಿಡಬಹುದು.

ಟಚಪ್ ಆರರಿಂದ ಎಂಟನೇ ವಾರದ ನಡುವೆ. ಹೋಗುವ ಮುಂಚೆ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ಮೇಕಪ್ ಇಲ್ಲದೆ, ಎರಡೂ ಹುಬ್ಬಿನ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲಿ ಗೆರೆ ಬಿಟ್ಟಿದೆ, ಯಾವ ಕಡೆ ಮಲಗುತ್ತೀರಿ, ಯಾವ ದಿನ ನೀರು ತಾಕಿತು, ಎಲ್ಲಾ ಮುಚ್ಚುಮರೆ ಇಲ್ಲದೆ ಹೇಳಿ, ಕಿತ್ತಿದ್ದರೆ ಕಿತ್ತೆ ಅಂತಲೇ ಹೇಳಿ. ಬಣ್ಣ ನಿಮ್ಮ ಚರ್ಮದಲ್ಲಿ ನಿಲ್ಲದೆ ಹೋದದ್ದೋ, ಹಕ್ಕಳೆ ಜೊತೆ ಹೋದದ್ದೋ ಅನ್ನುವುದು ಗೊತ್ತಾದರೆ ಮಾಡುವವರ ಕೈ ಅದಕ್ಕೆ ತಕ್ಕ ಹಾಗೆ ಓಡುತ್ತದೆ. ಎರಡನೇ ಸಲ ಗೆರೆ ಕಡಿಮೆ ಇರುತ್ತದೆ, ಹಕ್ಕಳೆಯೂ ತೆಳ್ಳಗೆ, ಬೇಗ ಉದುರುತ್ತದೆ. ಆದರೂ ಅವತ್ತಿನಿಂದ ಮತ್ತೆ ಹತ್ತು ದಿನ ಕುದಿಸಿ ಆರಿಸಿದ ನೀರು, ಗಾಜ್ ಬಟ್ಟೆ, ಮುದ್ದೆ ತಿರುವುವುದು ಮನೆಯವರ ಪಾಲಿಗೆ.